ದೂರದ ದೊರೆಯ ಹೆಸರಿನಲ್ಲಿ: ದಖ್ಖನಿನ ಸುಬೇದಾರಿಕೆ ಮತ್ತು ಕನ್ನಡ ನಾಡಿನ ಸನದುಗಳು

ದೊರೆಯು ದೂರದಲ್ಲಿದ್ದು ಅವನ ಹೆಸರಿನಲ್ಲಿ ಮತ್ತೊಬ್ಬನು ನಾಡನ್ನಾಳುವ ಪದ್ಧತಿ ಕನ್ನಡ ಶಾಸನಗಳ ಪರಿಚಯವುಳ್ಳವರಿಗೆ ಹೊಸದಲ್ಲ. ಬನವಾಸಿಯಲ್ಲಾಗಲಿ ನೊಳಂಬವಾಡಿಯಲ್ಲಾಗಲಿ ಮಂಡಲೇಶ್ವರನೊಬ್ಬನು ದತ್ತಿಯನ್ನು ಬಿಡುವಾಗ ಶಾಸನವು ಮೊದಲು ಚಕ್ರವರ್ತಿಯ ಬಿರುದುಗಳನ್ನು ಹೇಳುತ್ತದೆ. ಅವನ ವಿಜಯರಾಜ್ಯವು ಆಚಂದ್ರಾರ್ಕವಾಗಿ ಸಲ್ಲುತ್ತಿರಲು ಎಂದು ನುಡಿದು, ಅನಂತರವೇ 'ತತ್ಪಾದಪದ್ಮೋಪಜೀವಿ' ಎಂಬ ಮಾತಿನಿಂದ ಆಳುತ್ತಿರುವವನತ್ತ ಹೊರಳುತ್ತದೆ. ಈ ಸೂತ್ರ ಶಾಸನದಿಂದ ಕಾಣೆಯಾದಾಗ ಅದನ್ನು ನಾವು ಒಂದು ರಾಜಕೀಯ ಘಟನೆಯೆಂದೇ ಎಣಿಸುತ್ತೇವೆ. ಹನ್ನೆರಡನೆಯ ಶತಮಾನದ ನಡುಭಾಗದಲ್ಲಿ ಕಳಚುರಿ ಬಿಜ್ಜಳನು ಚಾಳುಕ್ಯ ತೈಲಪನ ಮಹಾಮಂಡಲೇಶ್ವರನಾಗಿದ್ದವನು ತಾನೇ ಚಕ್ರವರ್ತಿಯಾದ ಬಗೆಯನ್ನು ವಿದ್ವಾಂಸರು ಗುರುತಿಸಿರುವುದು ಬಹುಮಟ್ಟಿಗೆ ಇಂಥ ಬದಲಾವಣೆಗಳಿಂದಲೇ. ಹೆಸರು ಉಳಿದರೆ ಅಧೀನ, ಹೆಸರು ಬಿಟ್ಟರೆ ಸ್ವತಂತ್ರ ಎಂಬುದು ನಮ್ಮ ಸಾಮಾನ್ಯ ಲೆಕ್ಕಾಚಾರ.

ಹದಿನೆಂಟನೆಯ ಶತಮಾನದ ದಖ್ಖನಿಗೆ ಬಂದಾಗ ಈ ಲೆಕ್ಕಾಚಾರ ಕೈಕೊಡುತ್ತದೆ. 1724ರ ನಂತರ ಹೈದರಾಬಾದಿನ ಯಾವ ನಿಜಾಮನೂ ದೆಹಲಿಯ ಆಜ್ಞೆಗೆ ಕಾದು ಕುಳಿತವನಲ್ಲ. ಆದರೂ 1858ರ ವರೆಗೆ, ಅಂದರೆ ನೂರಮೂವತ್ತಕ್ಕೂ ಮಿಕ್ಕಿದ ವರ್ಷಗಳ ಕಾಲ, ಅವರ ನಾಣ್ಯಗಳು ದೆಹಲಿಯ ಬಾದಷಹನ ಹೆಸರನ್ನೇ ಹೊತ್ತು ಬಂದವು. ಇದನ್ನು ವಿವರಿಸುವ ಎರಡು ಬಗೆಗಳು ರೂಢಿಯಲ್ಲಿವೆ. ಹೈದರಾಬಾದು ಸಂಸ್ಥಾನದ ಆಶ್ರಯದಲ್ಲಿ ಬರೆದವರು ಇದನ್ನು ಆಸಫ್‌ಜಾಹಿ ವಂಶದ ಸ್ವಾಮಿನಿಷ್ಠೆಯೆಂದು ಹೊಗಳಿದರು. ಪಠ್ಯಪುಸ್ತಕಗಳಾದರೋ '1724ರಲ್ಲಿ ನಿಜಾಮನು ಸ್ವತಂತ್ರನಾದನು' ಎಂಬ ಒಂದು ಸಾಲಿನಲ್ಲಿ ವಿಷಯವನ್ನು ಮುಗಿಸಿ, ನಾಣ್ಯದ ಮೇಲಿನ ಹೆಸರನ್ನು ಬರಿಯ ಉಪಚಾರವೆಂದು ಬದಿಗೊತ್ತುತ್ತವೆ. ಈ ಎರಡೂ ವಿವರಣೆಗಳು ನಮಗೆ ಸಾಲವೆನಿಸಿವೆ. ದೂರದ ದೊರೆಯ ಹೆಸರಿಗೆ ಒಂದು ಬಳಕೆ ಇತ್ತು. ಪ್ರತಿನಿಧಿಯು ಅದನ್ನು ದೊರೆಯ ಸಲುವಾಗಿ ಉಳಿಸಿಕೊಳ್ಳಲಿಲ್ಲ. ತನ್ನ ಕೆಳಗಿನವರು, ತನ್ನ ಸರಿಸಮಾನರು ಮತ್ತು ತನ್ನ ಹಣ ಮುಟ್ಟುವವರು ಅದನ್ನು ಓದುತ್ತಿದ್ದರೆಂಬ ಕಾರಣಕ್ಕೆ ಉಳಿಸಿಕೊಂಡನು. ಈ ಬಳಕೆಯ ಬೆಲೆಯನ್ನು ತೆತ್ತವರಲ್ಲಿ ಕನ್ನಡ ನಾಡಿನ ಜನರೂ ಇದ್ದರೆಂಬುದರಿಂದ ವಿಷಯ ನಮಗೆ ಹೊರಗಿನದಲ್ಲ.

ಮೊದಲು ಆ ಅಧಿಕಾರಸ್ಥಾನದ ಸ್ವರೂಪವನ್ನು ನೋಡಬೇಕು. 1636ರಲ್ಲಿ ಷಹಜಹಾನನು ತನ್ನ ಮಗ ಔರಂಗಜೇಬನನ್ನು ದಖ್ಖನಿನ ಪ್ರತಿನಿಧಿಯಾಗಿ ಕಳುಹಿಸಿದಾಗ ಅವನ ಅಧೀನದಲ್ಲಿದ್ದದ್ದು ನಾಲ್ಕು ಸುಬಾಗಳು. ಬಿಜಾಪುರ 1686ರಲ್ಲಿ, ಗೋಲ್ಕೊಂಡ 1687ರಲ್ಲಿ ಬಿದ್ದ ಮೇಲೆ ಖಾನದೇಶ, ವರ್ಹಾಡ, ಔರಂಗಾಬಾದು, ಬೀದರ, ಬಿಜಾಪುರ, ಹೈದರಾಬಾದು ಎಂಬ ಆರು ಸುಬಾಗಳಾದವು. ಮೊಗಲರ ಪದ್ಧತಿಯಲ್ಲಿ ಸುಬೇದಾರನು ಒಂದೆಡೆ ಬೇರೂರದಂತೆ ನೋಡಿಕೊಳ್ಳುವ ಏರ್ಪಾಡುಗಳಿದ್ದವು. ಅವನನ್ನು ಕೆಲವೇ ವರ್ಷಗಳಿಗೊಮ್ಮೆ ವರ್ಗಾಯಿಸುತ್ತಿದ್ದರು. ಸುಬಾದ ದಿವಾನನು ಸುಬೇದಾರನ ಕೈಕೆಳಗಿನವನಲ್ಲ. ಅವನು ಲೆಕ್ಕವನ್ನು ನೇರವಾಗಿ ಸಾಮ್ರಾಜ್ಯದ ದಿವಾನನಿಗೆ ಒಪ್ಪಿಸಬೇಕು. ವಾಕೆನವೀಸರೆಂಬ ವರದಿಗಾರರು ಸುಬೇದಾರನ ನಡೆನುಡಿಗಳನ್ನು ದರಬಾರಿಗೆ ಬರೆದು ತಿಳಿಸುತ್ತಿದ್ದರು. ಒಟ್ಟಿನಲ್ಲಿ, ಖಡ್ಗ ಒಬ್ಬನ ಕೈಯಲ್ಲಿ, ಖಜಾನೆ ಇನ್ನೊಬ್ಬನ ಕೈಯಲ್ಲಿ, ಲೇಖನಿ ಮೂರನೆಯವನ ಕೈಯಲ್ಲಿ.

ದಖ್ಖನಿನ ವಿಷಯದಲ್ಲಿ ಒಂದು ವಿಚಿತ್ರವನ್ನು ಮರೆಯಬಾರದು. ಇಲ್ಲಿ ಚಕ್ರವರ್ತಿ ಗೈರುಹಾಜರಾಗುವ ಮೊದಲು ಕಾಲು ಶತಮಾನ ಕಾಲ ಸ್ವತಃ ಹಾಜರಿದ್ದನು. ಎಂಬತ್ತರ ದಶಕದ ಆರಂಭದಲ್ಲಿ ದಕ್ಷಿಣಕ್ಕೆ ಬಂದ ಔರಂಗಜೇಬನು ಮತ್ತೆ ಉತ್ತರಕ್ಕೆ ಮರಳಲಿಲ್ಲ. ಕೃಷ್ಣಾತೀರದ ಗಲಗಲಿಯಲ್ಲಿ ಅವನ ಬೀಡು ಇತ್ತು. 1705ರಲ್ಲಿ ಬೇಡ ನಾಯಕರ ವಾಗಿನಗೇರಾ ಕೋಟೆಗೆ ಹಾಕಿದ ಮುತ್ತಿಗೆಯೇ ಅವನು ತಾನಾಗಿ ನಡೆಸಿದ ಕಡೆಯ ಮುತ್ತಿಗೆ. ಆ ವರ್ಷಗಳಲ್ಲಿ ದೊರೆಯಿಲ್ಲದೆ ಪ್ರತಿನಿಧಿಗಳ ಕೈಯಲ್ಲಿದ್ದದ್ದು ದೆಹಲಿ ಮತ್ತು ಆಗ್ರಾ. ಕಲಬುರ್ಗಿ, ಬಿಜಾಪುರಗಳ ಜನ ಬಾದಷಹನ ಬೀಡನ್ನು ಕಣ್ಣಾರೆ ಕಂಡಿದ್ದರು, ಅದರ ದನಕರುಗಳಿಗೆ ಮೇವು ಒದಗಿಸಿ ಬಳಲಿದ್ದರು. 1707ರಲ್ಲಿ ಅಹಮದನಗರದಲ್ಲಿ ಅವನು ತೀರಿಕೊಂಡ ಮೇಲೆ, ಮತ್ತು 1709ರಲ್ಲಿ ಬಹಾದೂರ್ ಷಹನು ತಮ್ಮನಾದ ಕಾಮಬಕ್ಷನನ್ನು ಹೈದರಾಬಾದಿನ ಬಳಿ ಸೋಲಿಸಿ ಹಿಂದಿರುಗಿದ ಮೇಲೆ, ಯಾವ ಮೊಗಲ ಚಕ್ರವರ್ತಿಯೂ ದಖ್ಖನಿಗೆ ಕಾಲಿಡಲಿಲ್ಲ.

ಬಹಾದೂರ್ ಷಹನು ಮಾಡಿದ ಏರ್ಪಾಡು ಕುತೂಹಲಕರವಾದುದು. ದಖ್ಖನಿನ ಸುಬೇದಾರಿಕೆಯನ್ನು ಅವನು ಜುಲ್ಫಿಕರ್ ಖಾನನಿಗೆ ಕೊಟ್ಟನು. ಆದರೆ ಜುಲ್ಫಿಕರ್ ಖಾನನು ದರಬಾರಿನ ಬಲವನ್ನು ಬಿಟ್ಟುಬರಲು ಮನಸ್ಸಿಲ್ಲದೆ ಅಲ್ಲೇ ಉಳಿದು, ದಾವೂದ್ ಖಾನ್ ಪನ್ನಿಯೆಂಬವನನ್ನು ತನ್ನ ನಾಯಬನನ್ನಾಗಿ ಇಲ್ಲಿರಿಸಿದನು. ಹೀಗೆ ದೂರದ ದೊರೆಗೆ ದೂರದ ಪ್ರತಿನಿಧಿ, ಆ ಪ್ರತಿನಿಧಿಗೊಬ್ಬ ಪ್ರತಿನಿಧಿ. ಮರಾಠ ಸರದಾರರಿಗೆ ಚೌತು ಕೊಡುವ ಮಾತು ಕೊಟ್ಟವನು ಈ ಮೂರನೆಯವನು. 1719ರಲ್ಲಿ ಬಾಳಾಜಿ ವಿಶ್ವನಾಥನು ದೆಹಲಿಗೆ ಹೋಗಿ ಆರು ಸುಬಾಗಳ ಚೌತು ಮತ್ತು ಸರದೇಶಮುಖಿಯ ಸನದುಗಳನ್ನು ಬರೆಸಿಕೊಂಡು ಬಂದನು. ಆರು ಸುಬಾಗಳಲ್ಲಿ ಬೀದರ, ಬಿಜಾಪುರಗಳೂ ಸೇರಿದ್ದವೆಂಬುದನ್ನು ನೆನಪಿಟ್ಟರೆ, ಕೃಷ್ಣಾ ಭೀಮಾ ತೀರದ ರೈತನು ಅಂದಿನಿಂದ ಎರಡು ಬಗೆಯ ವಸೂಲಿಗಾರರಿಗೆ ತೆರಿಗೆ ತೆರಬೇಕಾಯಿತೆಂಬುದು ತಿಳಿಯುತ್ತದೆ. ಇಬ್ಬರ ಬಳಿಯೂ ಒಬ್ಬನೇ ಬಾದಷಹನ ಅಧಿಕಾರದ ಕಾಗದಗಳಿದ್ದವು.

ಈ ಹಿನ್ನೆಲೆಯಲ್ಲಿ ಮೀರ್ ಕಮರುದ್ದೀನನ ಪ್ರವೇಶವಾಗುತ್ತದೆ. 1713ರಲ್ಲಿ ಫರ್ರುಖ್‌ಸಿಯರನು ಅವನಿಗೆ ನಿಜಾಮ್‌ಉಲ್‌ಮುಲ್ಕ್ ಎಂಬ ಬಿರುದನ್ನಿತ್ತು ದಖ್ಖನಿನ ಸುಬೇದಾರನನ್ನಾಗಿ ಮಾಡಿದನು. ಎರಡು ವರ್ಷ ತುಂಬುವಷ್ಟರಲ್ಲಿ ಸಯ್ಯದ್ ಸೋದರರಲ್ಲೊಬ್ಬನಿಗಾಗಿ ಆ ಸ್ಥಾನವನ್ನು ತೆರವು ಮಾಡಬೇಕಾಯಿತು. 1720ರಲ್ಲಿ ಅವನು ದಖ್ಖನನ್ನು ಯುದ್ಧದಿಂದ ಮತ್ತೆ ಪಡೆದನು. 1722ರಲ್ಲಿ ದೆಹಲಿಯಲ್ಲಿ ವಜೀರನಾದನು. ದರಬಾರಿನ ಒಳಜಗಳಗಳಿಂದ ಬೇಸತ್ತು ದಕ್ಷಿಣಕ್ಕೆ ಹೊರಟಾಗ, ಹೈದರಾಬಾದಿನ ಸುಬೇದಾರನಾಗಿದ್ದ ಮುಬಾರಿಜ್ ಖಾನನು ದರಬಾರಿನ ಪ್ರೋತ್ಸಾಹದಿಂದ ಅವನನ್ನು ಎದುರಿಸಿದನು. 1724ರ ಅಕ್ಟೋಬರಿನಲ್ಲಿ ವರ್ಹಾಡದ ಶಕರಖೇಡದಲ್ಲಿ ಮುಬಾರಿಜ್ ಖಾನನು ಮಡಿದನು. ಗೆದ್ದವನು ಅವನ ತಲೆಯನ್ನು ಬಾದಷಹನಿಗೆ ಕಳುಹಿಸಿದನೆಂದೂ, ದಂಗೆಕೋರನೊಬ್ಬನನ್ನು ಅಡಗಿಸಿದ್ದಕ್ಕಾಗಿ ಬಾದಷಹನನ್ನೇ ಅಭಿನಂದಿಸಿದನೆಂದೂ ಹೇಳುತ್ತಾರೆ. 1725ರಲ್ಲಿ ಮುಹಮ್ಮದ್ ಷಹನು ಅವನಿಗೆ ಆಸಫ್‌ಜಾಹ್ ಎಂಬ ಬಿರುದನ್ನಿತ್ತು ಸುಬೇದಾರಿಕೆಯನ್ನು ಸ್ಥಿರಪಡಿಸಿದನು. ಗೆಲುವು ರಣರಂಗದಲ್ಲಿ ದೊರೆತಿತ್ತು; ಆದರೆ ಬಾದಷಹನ ಫರ್ಮಾನು ಬರುವವರೆಗೆ ಗೆದ್ದವನಿಗೂ ಸಮಾಧಾನವಿರಲಿಲ್ಲವೆಂಬುದು ಗಮನಾರ್ಹ.

ಅವನು ಮುರಿದದ್ದು ಏನು, ಉಳಿಸಿದ್ದು ಏನು ಎಂಬ ಪ್ರಶ್ನೆಯನ್ನು ಬಿಡಿಬಿಡಿಯಾಗಿ ಕೇಳಬೇಕು. ದಿವಾನನನ್ನು ದೆಹಲಿಯಿಂದ ಕಳುಹಿಸುವ ಪದ್ಧತಿ ನಿಂತಿತು. ನಿಜಾಮನೇ ತನ್ನ ದಿವಾನನನ್ನು ನೇಮಿಸಿಕೊಂಡನು. ಕಂದಾಯದ ಹಣ ದೆಹಲಿಗೆ ಹೋಗುವುದು ನಿಂತಿತು. ಜಾಗೀರುಗಳನ್ನು ಅವನೇ ಹಂಚಿದನು, ಯುದ್ಧ ಸಂಧಾನಗಳನ್ನು ಅವನೇ ಮಾಡಿದನು. ಮೇಲೆ ಹೇಳಿದ ಖಡ್ಗ, ಖಜಾನೆ, ಲೇಖನಿಗಳು ಮೂರೂ ಒಂದೇ ಕೈಗೆ ಬಂದವು. ಆದರೆ ಶುಕ್ರವಾರದ ಖುತ್ಬಾದಲ್ಲಿ ಓದುವ ಹೆಸರು, ಟಂಕಸಾಲೆಯ ಅಚ್ಚಿನ ಮೇಲಿನ ಹೆಸರು ಇವೆರಡನ್ನು ಅವನು ಮುಟ್ಟಲಿಲ್ಲ, ಸಿಂಹಾಸನವನ್ನೇರಲಿಲ್ಲ. ಮುಸ್ಲಿಂ ರಾಜನೀತಿಯಲ್ಲಿ ಸಾರ್ವಭೌಮತ್ವದ ಕುರುಹುಗಳೆಂದು ಒಪ್ಪಿದ್ದ ಇವುಗಳನ್ನು ಬಿಟ್ಟು ಮಿಕ್ಕೆಲ್ಲವನ್ನೂ ಅವನು ತೆಗೆದುಕೊಂಡನು.

ಇದನ್ನು ನಿಷ್ಠೆಯೆಂದು ಕರೆಯುವವರು ಅವನು 1737ರಲ್ಲಿ ಮುಪ್ಪಿನಲ್ಲಿಯೂ ಬಾದಷಹನ ಕರೆಗೆ ಓಗೊಟ್ಟು ದೆಹಲಿಗೆ ಹೋದದ್ದನ್ನು, 1739ರಲ್ಲಿ ನಾದಿರ್ ಷಹನ ದಾಳಿಯ ಸಮಯದಲ್ಲಿ ಸಂಧಾನಕ್ಕೆ ನಿಂತದ್ದನ್ನು ಎತ್ತಿ ಹೇಳುತ್ತಾರೆ. ಅದು ಸರಿಯೇ. ಆದರೆ ಅದೇ ಪ್ರವಾಸದ ಇನ್ನೊಂದು ಮುಖವೂ ಇದೆ. ಹೋಗುವಾಗ ಅವನು ಮಗನಾದ ನಾಸಿರ್ ಜಂಗನನ್ನು ದಖ್ಖನಿನಲ್ಲಿ ತನ್ನ ನಾಯಬನಾಗಿ ಇರಿಸಿಹೋಗಿದ್ದನು. ಮೂರು ವರ್ಷ ಆಳಿದ ಮಗನಿಗೆ ತಂದೆಯ ಸ್ಥಾನವನ್ನು ಹಿಂದಿರುಗಿಸಲು ಮನಸ್ಸಾಗಲಿಲ್ಲ. 1741ರಲ್ಲಿ ಔರಂಗಾಬಾದಿನ ಬಳಿ ತಂದೆ ಮಗನ ಸೇನೆಗಳು ಎದುರಾದವು, ಮಗನು ಸೋತು ಸೆರೆಯಾದನು. ದೆಹಲಿಗೆ ತಾನು ಮಾಡಿದ್ದನ್ನೇ ಮಗನು ತನಗೆ ಮಾಡಹೊರಟದ್ದನ್ನು ನಿಜಾಮನು ಗುರುತಿಸದೆ ಇದ್ದಿರಲಾರ. ಮೇಲಿನವನ ಹೆಸರನ್ನು ಒರೆಸಿಹಾಕಿದ ಪ್ರತಿನಿಧಿಗೆ, ಕೆಳಗಿನವನು ತನ್ನ ಹೆಸರನ್ನು ಒರೆಸುವಾಗ ಆಕ್ಷೇಪಿಸಲು ಆಧಾರವೇ ಉಳಿಯುವುದಿಲ್ಲ. ಆರ್ಕಾಟು, ಕಡಪ, ಕರ್ನೂಲು, ಸವಣೂರು, ಶಿರಾಗಳಲ್ಲಿದ್ದ ನವಾಬರಿಂದ ನಿಜಾಮನು ಪೇಷ್ಕಷನ್ನು ಕೇಳುತ್ತಿದ್ದದ್ದು ಬಾದಷಹನ ಸುಬೇದಾರನೆಂಬ ನೆಲೆಯಿಂದಲೇ. ಆ ಒಂದು ಪದ ಬಿದ್ದರೆ ಅವರಿಗೂ ಅವನಿಗೂ ಇದ್ದ ಅಂತರ ಸೇನೆಯ ಅಂತರ ಮಾತ್ರ.

1748ರಲ್ಲಿ ಮುಹಮ್ಮದ್ ಷಹ, ನಿಜಾಮ್‌ಉಲ್‌ಮುಲ್ಕ್ ಇಬ್ಬರೂ ತೀರಿಕೊಂಡರು. ಅನಂತರದ ಆರೇಳು ವರ್ಷಗಳಷ್ಟು ಸನದುಗಳು ದಖ್ಖನಿನ ಚರಿತ್ರೆಯಲ್ಲಿ ಬೇರೆಂದೂ ಓಡಾಡಿರಲಾರವು. ನಾಸಿರ್ ಜಂಗ್ 1750ರಲ್ಲಿ ಪಠಾಣ ನವಾಬರ ಪಿತೂರಿಗೆ ಬಲಿಯಾದನು; ಅವನ ಸೋದರಳಿಯ ಮುಜಫರ್ ಜಂಗ್ ಕೆಲವೇ ವಾರಗಳಲ್ಲಿ ಅದೇ ಬಗೆಯಲ್ಲಿ ಸತ್ತನು; ಫ್ರೆಂಚ್ ಸೇನಾನಿ ಬುಸ್ಸಿ ಸಲಾಬತ್ ಜಂಗನನ್ನು ಪಟ್ಟಕ್ಕೆ ತಂದನು. ಆಗ ಹಿರಿಯ ಮಗ ಗಾಜಿಉದ್ದೀನನು ದೆಹಲಿಯಿಂದ ಬಾದಷಹನ ನೇಮಕಾತಿಯನ್ನೇ ಹಿಡಿದುಕೊಂಡು 1752ರಲ್ಲಿ ಔರಂಗಾಬಾದಿಗೆ ಬಂದನು. ಎಲ್ಲ ಹಕ್ಕುದಾರರಲ್ಲಿ ಕಾಗದ ನೇರ್ಪಾಗಿದ್ದವನು ಇವನೊಬ್ಬನೇ ಎನ್ನಬಹುದು. ಬಂದ ಕೆಲವು ದಿನಗಳಲ್ಲಿ ವಿಷಪ್ರಾಶನದಿಂದ ಸತ್ತನು. ಇವನ ಮಗ ಇಮಾದ್‌ಉಲ್‌ಮುಲ್ಕನು ದೆಹಲಿಯಲ್ಲಿ ವಜೀರನಾಗಿ 1754ರಲ್ಲಿ ಒಬ್ಬ ಬಾದಷಹನನ್ನು ಕುರುಡನನ್ನಾಗಿಸಿ, 1759ರಲ್ಲಿ ಇನ್ನೊಬ್ಬನನ್ನು ಕೊಲ್ಲಿಸಿದನು. ಮನೆತನದ ಒಂದು ಕವಲು ದೆಹಲಿಯಲ್ಲಿ ಬಾದಷಹರನ್ನು ಕೊಲ್ಲಿಸುತ್ತಿದ್ದಾಗ ಇನ್ನೊಂದು ಕವಲು ಹೈದರಾಬಾದಿನಲ್ಲಿ ಬಾದಷಹರ ಹೆಸರಿನಲ್ಲಿಯೇ ನಾಣ್ಯ ಹೊಡೆಯುತ್ತಿತ್ತು. ಸ್ವಾಮಿನಿಷ್ಠೆಯ ಸಿದ್ಧಾಂತಕ್ಕೆ ಇದಕ್ಕಿಂತ ದೊಡ್ಡ ತೊಡಕು ಬೇಕಿಲ್ಲ.

1754ರ ಜನವರಿಯಲ್ಲಿ ಮದರಾಸಿನ ದಕ್ಷಿಣಕ್ಕಿರುವ, ಆಗ ಡಚ್ಚರ ವಶದಲ್ಲಿದ್ದ ಸದರಾಸಿನಲ್ಲಿ ಇಂಗ್ಲಿಷ್ ಮತ್ತು ಫ್ರೆಂಚ್ ಕಂಪನಿಗಳ ಪ್ರತಿನಿಧಿಗಳು ಸಂಧಾನಕ್ಕೆ ಕುಳಿತರು. ವರ್ಷಗಟ್ಟಲೆ ಫಿರಂಗಿಗಳಿಂದ ಕಾದಾಡಿದ ಈ ಎರಡು ಪಕ್ಷಗಳು ಸಭೆಯಲ್ಲಿ ಚರ್ಚಿಸಿದ್ದು ಕಾಗದಗಳ ಸಾಚಾತನವನ್ನು. ಫ್ರೆಂಚರು ಮುಜಫರ್ ಜಂಗ್, ಸಲಾಬತ್ ಜಂಗ್ ಮತ್ತು ಬಾದಷಹನವೆನ್ನಲಾದ ಪತ್ರಗಳನ್ನು ಮುಂದಿಟ್ಟರು. ಇಂಗ್ಲಿಷರು ಅವನ್ನು ಕೃತಕವೆಂದರು, ತಮ್ಮ ಆಶ್ರಿತನಾದ ಮುಹಮ್ಮದ್ ಅಲಿಗೂ ಸನದುಗಳಿವೆಯೆಂದರು, ಆದರೆ ಅವನ್ನು ತೋರಿಸಲಿಲ್ಲ. ಸಭೆ ಮುರಿದುಬಿತ್ತು. ಲಂಡನ್ನಿನಲ್ಲೂ ಪ್ಯಾರಿಸಿನಲ್ಲೂ ದೊರೆಗಳಿದ್ದ ಈ ಕಂಪನಿಗಳಿಗೆ, ಆರ್ಕಾಟಿನ ಭತ್ತದ ಗದ್ದೆಗಳ ಮೇಲಿನ ಹಕ್ಕನ್ನು ಸಾಧಿಸಲು, ದೆಹಲಿಯಲ್ಲಿ ಸ್ವಂತ ಪ್ರಾಣವನ್ನೇ ಉಳಿಸಿಕೊಳ್ಳಲಾರದ ಬಾದಷಹನ ಮುದ್ರೆ ಬೇಕಾಗಿತ್ತು.

ಹಾಗಾದರೆ ಬಾದಷಹನೇ ಸ್ವತಃ ಆಜ್ಞೆ ಕೊಟ್ಟರೆ? ಈ ಪ್ರಶ್ನೆಗೆ ಉತ್ತರ 1765ರಲ್ಲಿ ದೊರೆಯುತ್ತದೆ. ಆ ವರ್ಷದ ಆಗಸ್ಟಿನಲ್ಲಿ ಷಹ ಆಲಮನು ಇಂಗ್ಲಿಷ್ ಕಂಪನಿಗೆ ಬಂಗಾಲದ ದಿವಾನಿಗಿರಿಯನ್ನು ಕೊಟ್ಟನು. ಅದರೊಡನೆ, ನಿಜಾಮನ ಸುಬೇದಾರಿಕೆಗೆ ಸೇರಿದ ಉತ್ತರ ಸರ್ಕಾರುಗಳನ್ನೂ ಫರ್ಮಾನಿನಿಂದ ಕಂಪನಿಗೆ ಕೊಟ್ಟನು. ಆರ್ಕಾಟಿನ ನವಾಬನನ್ನು ದಖ್ಖನಿನ ಅಧೀನತೆಯಿಂದ ಬಿಡಿಸಿದನು. ನಿಜಾಮ ಅಲಿಯ ಎಲ್ಲ ಅಧಿಕಾರವೂ ಈ ಬಾದಷಹನ ಪ್ರತಿನಿಧಿತ್ವದಿಂದ ಬಂದದ್ದೆಂಬುದು ಸಿದ್ಧಾಂತವಾದರೆ ಅವನು ತಲೆಬಾಗಬೇಕಾಗಿತ್ತು. ಅವನು ಯುದ್ಧಕ್ಕೆ ಸಿದ್ಧನಾದನು. ಕಂಪನಿಯವರು ಫರ್ಮಾನನ್ನು ಕೈಯಲ್ಲಿಟ್ಟುಕೊಂಡೇ 1766ರ ನವೆಂಬರಿನಲ್ಲಿ ನಿಜಾಮನೊಡನೆ ಕೌಲು ಮಾಡಿಕೊಂಡು, ಅವೇ ಸರ್ಕಾರುಗಳಿಗಾಗಿ ಅವನಿಗೆ ವರ್ಷಂಪ್ರತಿ ಹಣ ತೆರಲು ಒಪ್ಪಿದರು. ಬಾದಷಹನ ಹೆಸರಿಗೆ ಬೆಲೆ ಇತ್ತು, ಬಾದಷಹನ ಇಚ್ಛೆಗೆ ಇರಲಿಲ್ಲ. ಈ ಎರಡನ್ನು ಬೇರ್ಪಡಿಸಿ ನೋಡದಿದ್ದರೆ ಆ ಶತಮಾನದ ಕೌಲುನಾಮೆಗಳು ಅರ್ಥವಾಗುವುದಿಲ್ಲ.

ಈಗ ಕನ್ನಡ ನಾಡಿನತ್ತ ಬರೋಣ. ತುಂಗಭದ್ರೆಯ ದಕ್ಷಿಣಕ್ಕೆ ಮೊಗಲರು 1687ರಲ್ಲಿ ಶಿರಾವನ್ನು ಕೇಂದ್ರವಾಗಿಟ್ಟುಕೊಂಡು ಒಂದು ಪ್ರಾಂತವನ್ನು ಏರ್ಪಡಿಸಿದರು. ಬಸವಾಪಟ್ಟಣ, ಬೂದಿಹಾಳು, ಶಿರಾ, ಪೆನುಕೊಂಡ, ದೊಡ್ಡಬಳ್ಳಾಪುರ, ಹೊಸಕೋಟೆ, ಕೋಲಾರ ಎಂಬ ಏಳು ಪರಗಣೆಗಳು ಅದಕ್ಕೆ ಸೇರಿದ್ದವು. ಹರಪನಹಳ್ಳಿ, ಆನೆಗೊಂದಿ, ಬಿದನೂರು, ಚಿತ್ರದುರ್ಗ, ಮೈಸೂರು ಮೊದಲಾದುವು ಕಪ್ಪ ಕೊಡತಕ್ಕ ಸಂಸ್ಥಾನಗಳೆಂದು ದಫ್ತರದಲ್ಲಿ ದಾಖಲಾದವು. ಮೊದಲ ಫೌಜುದಾರ ಕಾಸಿಂ ಖಾನನು ಅದೇ ವರ್ಷ ಬೆಂಗಳೂರನ್ನು ಹಿಡಿದು ಮೂರು ಲಕ್ಷ ರೂಪಾಯಿಗೆ ಚಿಕ್ಕದೇವರಾಜ ಒಡೆಯರಿಗೆ ಮಾರಿದ ಸಂಗತಿ ಎಲ್ಲರಿಗೂ ತಿಳಿದದ್ದೇ. ಘಟ್ಟದ ಮೇಲಿನ ಭಾಗಕ್ಕೆ ಕರ್ನಾಟಕ ಬಾಲಾಘಾಟ್, ಕೆಳಗಿನ ಬಯಲಿಗೆ ಕರ್ನಾಟಕ ಪಾಯಿನ್‌ಘಾಟ್ ಎಂಬ ಹೆಸರುಗಳು ಕಂದಾಯದ ಕಡತಗಳಲ್ಲಿ ನಿಂತವು. ವಿಜಯನಗರದ ಕರ್ನಾಟ ಸಾಮ್ರಾಜ್ಯದ ಗುರುತಾಗಿ ತಮಿಳು ಬಯಲಿಗೆ ಅಂಟಿಕೊಂಡ ಈ ಹೆಸರನ್ನೇ ಇಂಗ್ಲಿಷರು ಹಿಡಿದು ಆರ್ಕಾಟಿನ ಸೀಮೆಯನ್ನು ಕರ್ನಾಟಿಕ್ ಎಂದರು. ಚೆನ್ನೈಯಲ್ಲಿ ಕೆಲಸ ಮಾಡುವ ಕನ್ನಡ ಸಂಶೋಧಕರು ಇಂದಿಗೂ ಈ ಗೊಂದಲವನ್ನು ಬಿಡಿಸಿ ಹೇಳುತ್ತಲೇ ಇರಬೇಕಾಗಿದೆ.

1757ರ ಹೊತ್ತಿಗೆ ಶಿರಾ ಮರಾಠರ ಕೈಸೇರಿತ್ತು. 1761ರಲ್ಲಿ ಪಾಣಿಪತ್ತಿನ ಸೋಲಿನಿಂದ ಮರಾಠರು ಕಂಗೆಟ್ಟಿದ್ದಾಗ ನಿಜಾಮ ಅಲಿಯ ಸೋದರ, ಅದವಾನಿಯ ಬಸಾಲತ್ ಜಂಗನು ಈ ಕಡೆ ದಂಡೆತ್ತಿ ಬಂದು ಹೊಸಕೋಟೆಗೆ ಮುತ್ತಿಗೆ ಹಾಕಿದನು. ಅವನ ಬಳಿ ಹಣವಿರಲಿಲ್ಲ. ಹೈದರಾಲಿಯು ಮೂರು ಲಕ್ಷ ರೂಪಾಯಿ ನಜರಾಣೆಗೆ ಒಪ್ಪಿ ಅವನಿಂದ ಶಿರಾದ ನವಾಬಗಿರಿಯ ಸನದನ್ನು ಪಡೆದನು. ಆ ಹೊತ್ತಿಗೆ ಶಿರಾ ಕೊಟ್ಟವನ ವಶದಲ್ಲಿಯೂ ಇರಲಿಲ್ಲ, ಪಡೆದವನ ವಶದಲ್ಲಿಯೂ ಇರಲಿಲ್ಲ. ಅಂಥ ಸನದು ಕೊಡುವ ಅಧಿಕಾರ ಬಸಾಲತ್ ಜಂಗನಿಗೆ ಇತ್ತೆಂಬುದೂ ಸಂದೇಹವೇ. ವಿಲ್ಕ್ಸನು ಇದನ್ನು ವ್ಯಂಗ್ಯವಾಗಿ ಬರೆದಿದ್ದಾನೆ. ನಮಗೆ ಇದರಲ್ಲಿ ವ್ಯಂಗ್ಯಕ್ಕಿಂತ ಹೆಚ್ಚಾಗಿ ಹೈದರಾಲಿಯ ವ್ಯವಹಾರಜ್ಞಾನ ಕಾಣುತ್ತದೆ. ಮೈಸೂರಿನಲ್ಲಿ ಅವನು ಒಡೆಯರ ಹೆಸರಿನಲ್ಲಿ ಆಳುತ್ತಿದ್ದನು. ದಸರೆಯ ದಿನ ಒಡೆಯರನ್ನು ಸಿಂಹಾಸನದ ಮೇಲೆ ಕೂರಿಸಿ ಜನರಿಗೆ ತೋರಿಸುತ್ತಿದ್ದನು. ಆ ಹೆಸರು ಮೈಸೂರಿನ ಸೀಮೆಯೊಳಗೆ ಸಲ್ಲುತ್ತಿತ್ತೇ ಹೊರತು ಚಿತ್ರದುರ್ಗದ ನಾಯಕನ ಮುಂದೆ, ಬಿದನೂರಿನ ಮುಂದೆ ಸಲ್ಲದು. ಶಿರಾದ ನವಾಬನಿಗಾದರೋ ಅವರೆಲ್ಲರೂ ಕಪ್ಪ ಕೊಡತಕ್ಕವರು. ಒಬ್ಬನೇ ಮನುಷ್ಯನು ಶ್ರೀರಂಗಪಟ್ಟಣದಲ್ಲಿ ಒಬ್ಬ ದೊರೆಯ ಪ್ರತಿನಿಧಿಯಾಗಿಯೂ ಚಿತ್ರದುರ್ಗದ ದಾರಿಯಲ್ಲಿ ಮತ್ತೊಬ್ಬ ದೊರೆಯ ಪ್ರತಿನಿಧಿಯಾಗಿಯೂ ನಡೆದನು. ಅವನ ಬಹಾದೂರಿ ಹೊನ್ನಿನ ಒಂದು ಮುಖದಲ್ಲಿ ಇಕ್ಕೇರಿಯ ಶಿವಪಾರ್ವತಿಯರು ಹಾಗೆಯೇ ಉಳಿದರು. ಹಿಂಬದಿಯಲ್ಲಿ ಅವನ ಹೆಸರಿನ ಮೊದಲ ಪಾರಸಿ ಅಕ್ಷರ ಒಂದೇ ಒಂದು ಬಂದಿತು.

ಇದೇ ಸನದು ಏಳು ವರ್ಷಗಳಲ್ಲಿ ಅವನ ವಿರುದ್ಧ ತಿರುಗಿತು. 1768ರಲ್ಲಿ ನಿಜಾಮ ಅಲಿಯು ಇಂಗ್ಲಿಷ್ ಕಂಪನಿ ಮತ್ತು ಆರ್ಕಾಟಿನ ನವಾಬನೊಡನೆ ಮಾಡಿಕೊಂಡ ಕೌಲಿನಲ್ಲಿ ಹೈದರಾಲಿಯನ್ನು ದಂಗೆಕೋರನೆಂದೂ ಅನ್ಯಾಯದಿಂದ ನಾಡನ್ನು ಕಸಿದವನೆಂದೂ ಸಾರಿ, ದಖ್ಖನಿನ ಸುಬೇದಾರರಿಂದ ಅವನಿಗೆ ಸಂದ ಸನದುಗಳನ್ನೆಲ್ಲ ರದ್ದುಮಾಡಿದನು. ಕರ್ನಾಟಕ ಬಾಲಾಘಾಟಿನ ದಿವಾನಿಗಿರಿಯನ್ನು ವರ್ಷಕ್ಕೆ ಏಳು ಲಕ್ಷ ರೂಪಾಯಿಗೆ ಕಂಪನಿಗೆ ವಹಿಸಿದನು. ಅಂದರೆ ಇಂದಿನ ತುಮಕೂರು, ಕೋಲಾರ, ಬೆಂಗಳೂರು ಸೀಮೆಗಳ ಕಂದಾಯದ ಹಕ್ಕನ್ನು, ಅಲ್ಲಿ ಒಂದು ಕೋಟೆಯೂ ವಶದಲ್ಲಿಲ್ಲದವನು, ಅಲ್ಲಿ ನೆಲೆಯೂರದ ವ್ಯಾಪಾರಿಗಳಿಗೆ, ಅಲ್ಲಿಗೆಂದೂ ಬಾರದ ಬಾದಷಹನ ಅಧಿಕಾರದಿಂದ ಮಾರಿದನು. ಮರುವರ್ಷ ಹೈದರಾಲಿಯು ಮದರಾಸಿನ ಬಾಗಿಲಿಗೆ ಬಂದು ನಿಂತು ಸಂಧಿ ಬರೆಸಿಕೊಂಡದ್ದರಿಂದ ಆ ದಿವಾನಿಗಿರಿ ಕಂಪನಿಯ ಕೈಗೆ ಬರಲಿಲ್ಲ. ಆದರೆ ಆ ಯುದ್ಧದಲ್ಲಿ ಹೊಸಕೋಟೆ, ಕೋಲಾರಗಳ ಸುತ್ತಿನ ಹಳ್ಳಿಗಳು ಸೈನ್ಯಗಳ ತುಳಿತಕ್ಕೆ ಸಿಕ್ಕವು. ಕಾಗದದ ಹಕ್ಕು ಕಾಗದದಲ್ಲಿಯೇ ಉಳಿಯಿತೆಂದು ಹೇಳುವವರು ಈ ಹಳ್ಳಿಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಇಂಥ ಪತ್ರವ್ಯವಹಾರದ ಮೂಲಗಳು ಕರ್ನಾಟಕದ ಹೊರಗೇ ಹೆಚ್ಚಾಗಿವೆ. ಹೈದರಾಬಾದಿನ ಪತ್ರಾಗಾರದಲ್ಲಿ ಷಹಜಹಾನ್, ಔರಂಗಜೇಬರ ಕಾಲದ ದಖ್ಖನಿನ ಪಾರಸಿ ದಫ್ತರವಿದೆ. ಪುಣೆಯ ಪೇಶ್ವೆ ದಫ್ತರ, ಚೆನ್ನೈಯ ಎಗ್ಮೋರಿನಲ್ಲಿರುವ ಕಂಪನಿ ದಾಖಲೆಗಳು, ದೆಹಲಿಯ ರಾಷ್ಟ್ರೀಯ ಪತ್ರಾಗಾರ ಇವೆಲ್ಲ ಹೊರನಾಡ ಕನ್ನಡಿಗರ ಕೈಯಳತೆಯಲ್ಲಿವೆ. ಪಾರಸಿ ಮತ್ತು ಮೋಡಿಯನ್ನು ಬಲ್ಲ ಕನ್ನಡ ಸಂಶೋಧಕರು ವಿರಳವಾಗಿರುವುದರಿಂದ ಶಿರಾ ಸುಬಾದ ಚರಿತ್ರೆಗೆ ನಾವು ಇನ್ನೂ ವಿಲ್ಕ್ಸ್ ಮತ್ತು ರೈಸರನ್ನೇ ಅವಲಂಬಿಸಿದ್ದೇವೆ ಎಂಬುದು ಸಂಕೋಚದ ವಿಷಯ.

ಹೆಸರನ್ನು ಬಿಟ್ಟವನೊಬ್ಬನ ಉದಾಹರಣೆಯೂ ನಮ್ಮಲ್ಲಿಯೇ ಇದೆ. ಟಿಪ್ಪು ಸುಲ್ತಾನನು 1786ರಲ್ಲಿ ಪಾದಷಹ ಎಂಬ ಪದವಿಯನ್ನು ಧರಿಸಿದನು. ಖುತ್ಬಾದಲ್ಲಿ ಷಹ ಆಲಮನ ಹೆಸರನ್ನು ತೆಗೆಸಿದನು. ಅವನ ರೂಪಾಯಿಯ ಮೇಲೆ ಮೊಗಲ ಬಾದಷಹನ ಹೆಸರಿಲ್ಲ. ಒಡೆಯರ ವಿಷಯದಲ್ಲಿಯೂ ಅವನು ಹೀಗೆಯೇ ನಡೆದನು: 1796ರಲ್ಲಿ ಚಾಮರಾಜ ಒಡೆಯರು ತೀರಿಕೊಂಡಾಗ ಮತ್ತೊಬ್ಬರನ್ನು ಪಟ್ಟಕ್ಕೆ ಕೂರಿಸಲಿಲ್ಲ. ತಂದೆಯು ಜೋಪಾನ ಮಾಡಿಟ್ಟಿದ್ದ ಎರಡು ಹೆಸರುಗಳನ್ನೂ ಮಗನು ಕಳಚಿಹಾಕಿದನು. ಇದು ಧೈರ್ಯದ ಕೆಲಸ. ಅಂದಿನ ಹಿಂದೂಸ್ಥಾನದಲ್ಲಿ ಇಷ್ಟು ನೇರವಾಗಿ ನಡೆದವರು ವಿರಳ. ಆದರೆ ಹೆಸರಿಲ್ಲದೆ ಅವನಿಗೂ ನಡೆಯಲಿಲ್ಲವೆಂಬುದಕ್ಕೆ 1786ರಲ್ಲೇ ಹೊರಟ ನಿಯೋಗವೇ ಸಾಕ್ಷಿ: ಕಾನ್‌ಸ್ಟಾಂಟಿನೋಪಲಿನ ತುರ್ಕಿ ಸುಲ್ತಾನನಿಂದ ಮನ್ನಣೆಯ ಪತ್ರವನ್ನು ತರಿಸಿಕೊಳ್ಳಲು ಅವನು ಜನರನ್ನೂ ಹಣವನ್ನೂ ಹಡಗುಗಳಲ್ಲಿ ಕಳುಹಿಸಿದನು. ದೆಹಲಿಗಿಂತ ಬಹುದೂರದ ದೊರೆಯೊಬ್ಬನನ್ನು ಅರಸಿದಂತಾಯಿತು. ಇತ್ತ ಹೈದರಾಬಾದು, ಪುಣೆಗಳ ದರಬಾರುಗಳಲ್ಲಿ ಅವನು ಪಾದಷಹನೆಂಬ ಮಾತಿಗೆ ಒಪ್ಪಿಗೆ ಸಿಕ್ಕಲಿಲ್ಲ. 1787ರಲ್ಲಿ ಮರಾಠರೊಡನೆ ಆದ ಸಂಧಿಯಲ್ಲಿ ಅವನಿಗೆ ದೊರೆತದ್ದು ನವಾಬ ಎಂಬ ಸಂಬೋಧನೆ ಮಾತ್ರ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಗೆದ್ದವರು ಅವನು ಕಳಚಿಹಾಕಿದ್ದ ಹೆಸರನ್ನೇ ಹುಡುಕಿ ಎತ್ತಿ, ಐದು ವರ್ಷದ ಒಡೆಯರ ಕುವರನನ್ನು ಸಿಂಹಾಸನಕ್ಕೆ ತಂದರು.

ಪುಣೆಯ ದರಬಾರಿನ ವಿಷಯ ಬಂದದ್ದರಿಂದ ಒಂದು ಮಾತು. ಸಾತಾರೆಯ ಛತ್ರಪತಿಯ ಹೆಸರಿನಲ್ಲಿ ಆಳುತ್ತಿದ್ದ ಪೇಶ್ವೆಗೆ 1784ರಲ್ಲಿ ಬಾದಷಹನು ವಕೀಲ್‌ಇಮುತ್ಲಕ್ ಎಂಬ ಪದವಿಯನ್ನು ಕೊಟ್ಟನು. ಪೇಶ್ವೆ ದೆಹಲಿಗೆ ಹೋಗುವಂತಿರಲಿಲ್ಲವಾದ್ದರಿಂದ ಮಹಾದಜಿ ಶಿಂದೆ ಅವನ ನಾಯಬನಾದನು. ಜುಲ್ಫಿಕರ್ ಖಾನನ ಏರ್ಪಾಡು ತಲೆಕೆಳಗಾಗಿ ಮರಳಿ ಬಂದಂತೆ ಇದು.

ನಾಣ್ಯದ ಮೇಲಿನ ಹೆಸರನ್ನು ಬದಲಿಸದಿರಲು ಇನ್ನೊಂದು ಕಾರಣ ಪೇಟೆಯದು. ಚಿನಿವಾರರು ರೂಪಾಯಿಯನ್ನು ಬೆಳ್ಳಿಯ ತೂಕದಿಂದ ಮಾತ್ರವಲ್ಲದೆ ಅಚ್ಚಿನಿಂದಲೂ ಅದರ ಮೇಲಿನ ವರ್ಷದಿಂದಲೂ ಬೆಲೆಕಟ್ಟುತ್ತಿದ್ದರು. ಅಚ್ಚು ಹಳೆಯದಾದಂತೆ ವಟ್ಟ ಹಿಡಿಯುತ್ತಿದ್ದರು. ಪರಿಚಿತವಲ್ಲದ ಹೆಸರಿನ ನಾಣ್ಯವನ್ನು ಬಿಟ್ಟರೆ ಸೈನಿಕರ ಸಂಬಳದಲ್ಲಿಯೇ ನಷ್ಟ ಕಾಣುತ್ತಿತ್ತು. ಬಂಗಾಲದಲ್ಲಿ ಇಂಗ್ಲಿಷ್ ಕಂಪನಿಯು ಈ ತೊಡಕನ್ನು ನಿವಾರಿಸಲು ಷಹ ಆಲಮನ ಆಳ್ವಿಕೆಯ 19ನೆಯ ವರ್ಷವನ್ನೇ ಅಚ್ಚಿನಲ್ಲಿ ಸ್ಥಿರಗೊಳಿಸಿ, ವರ್ಷಗಳು ಉರುಳಿದರೂ ಅದನ್ನೇ ಹೊಡೆಯಿತು. ಷಹ ಆಲಮನು ಸತ್ತದ್ದು 1806ರಲ್ಲಿ. ಕಂಪನಿಯ ರೂಪಾಯಿಯ ಮೇಲೆ ನಾಲ್ಕನೆಯ ವಿಲಿಯಂ ದೊರೆಯ ಮುಖ ಬಂದದ್ದು 1835ರಲ್ಲಿ. ಮದರಾಸಿನವರ ಆರ್ಕಾಟು ರೂಪಾಯಿಯ ಮೇಲಾದರೋ 1759ರಲ್ಲಿ ಕೊಲೆಯಾದ ಎರಡನೆಯ ಆಲಂಗೀರನು ಬಹುಕಾಲ ಆಳುತ್ತಲೇ ಇದ್ದನು. ಗೈರುಹಾಜರಾದ ದೊರೆಗಿಂತ ಸತ್ತ ದೊರೆ ಇನ್ನೂ ಅನುಕೂಲ; ಅವನು ಫರ್ಮಾನು ಹೊರಡಿಸುವ ಭಯವಿಲ್ಲ. ಹೈದರಾಬಾದಿನ ನಿಜಾಮರು ಇದೇ ಮಾರ್ಗದಲ್ಲಿ ಎಚ್ಚರದಿಂದ ನಡೆದು, ಬಾದಷಹನ ಹೆಸರಿನ ನಡುವೆ ತಮ್ಮ ಹೆಸರಿನ ಒಂದೇ ಅಕ್ಷರವನ್ನು ಸೇರಿಸಿಕೊಂಡರು. ಹೈದರಾಲಿಯ ಹೊನ್ನಿನ ಮೇಲಿನ ಒಂಟಿ ಅಕ್ಷರಕ್ಕೂ ಇದಕ್ಕೂ ಇರುವ ಹೋಲಿಕೆ ಆಕಸ್ಮಿಕವೆಂದು ನಮಗನಿಸುವುದಿಲ್ಲ.

1819ರಲ್ಲಿ ಗವರ್ನರ್ ಜನರಲ್ ಹೇಸ್ಟಿಂಗ್ಸನ ಪ್ರೋತ್ಸಾಹದಿಂದ ಅವಧದ ನವಾಬನು ತನ್ನನ್ನು ಪಾದಷಹನೆಂದು ಸಾರಿಕೊಂಡನು. ನಿಜಾಮ ಸಿಕಂದರ್ ಜಾಹನಿಗೂ ಇಂಥ ಸಲಹೆ ಬಂದಿತು, ಅವನು ಒಪ್ಪಲಿಲ್ಲ. ಬಾದಷಹನ ಮೇಲಿನ ಗೌರವದಿಂದ ಒಪ್ಪಲಿಲ್ಲವೆಂಬುದು ಪ್ರಸಿದ್ಧವಾದ ವಿವರಣೆ. ಆದರೆ ಆ ಹೊತ್ತಿಗೆ 1800ರ ಕೌಲಿನಂತೆ ಬಳ್ಳಾರಿ, ಕಡಪ ಸೀಮೆಗಳನ್ನು ಕಂಪನಿಗೆ ಬಿಟ್ಟುಕೊಟ್ಟು, ಕಂಪನಿಯ ಸೇನೆಯನ್ನು ತನ್ನ ಖರ್ಚಿನಿಂದ ಸಾಕುತ್ತಿದ್ದ ಹೈದರಾಬಾದಿಗೆ ದೆಹಲಿಯ ಹೆಸರೊಂದೇ ಕಂಪನಿಗೆ ಮುಂಚಿನ ಹಕ್ಕು ಉಳಿದಿತ್ತು. ಕಂಪನಿಯಿಂದ ದೊರೆತನವನ್ನು ಸ್ವೀಕರಿಸಿದವನಿಂದ ಅದನ್ನು ಕಂಪನಿಯೇ ಹಿಂದಕ್ಕೆ ಪಡೆಯಬಹುದು. ಅವಧಕ್ಕೆ 1856ರಲ್ಲಿ ಆದದ್ದು ಹೆಚ್ಚುಕಡಿಮೆ ಇದೇ.

1858ರಲ್ಲಿ ಬಹಾದೂರ್ ಷಹ ಜಫರನನ್ನು ರಂಗೂನಿಗೆ ಸಾಗಿಸಿದ ಮೇಲೆ ಹೈದರಾಬಾದಿನ ಟಂಕಸಾಲೆ ಮೊದಲ ಬಾರಿಗೆ ಬಾದಷಹನ ಹೆಸರನ್ನು ಬಿಟ್ಟಿತು. ಅದರ ಸ್ಥಾನಕ್ಕೆ ಬಂದದ್ದು ಅಂದಿನ ನಿಜಾಮ ಅಫ್ಜಲ್‌ಉದ್ದೌಲನ ಹೆಸರಲ್ಲ. ವಂಶದ ಮೂಲಪುರುಷನ ಬಿರುದಾದ 'ನಿಜಾಮ್‌ಉಲ್‌ಮುಲ್ಕ್ ಆಸಫ್‌ಜಾಹ್'. ಫರ್ರುಖ್‌ಸಿಯರ್ ಮತ್ತು ಮುಹಮ್ಮದ್ ಷಹ ಕೊಟ್ಟ ಬಿರುದುಗಳವು. ಬಾದಷಹನು ಹೋದ ಮೇಲೆಯೂ ಅವನು ಕೊಟ್ಟ ನೌಕರಿಯ ಹೆಸರು ನಾಣ್ಯದ ಮೇಲೆ ಉಳಿಯಿತು. ಅದೇ ವರ್ಷ ಇಂಗ್ಲೆಂಡಿನ ರಾಣಿಯ ಘೋಷಣೆಯಿಂದ ಗವರ್ನರ್ ಜನರಲನು ವೈಸರಾಯನೂ ಆದನು. ಹಿಂದೂಸ್ಥಾನಕ್ಕೆ ಮತ್ತೊಬ್ಬ ಗೈರುಹಾಜರಿ ದೊರೆ ಬಂದಂತಾಯಿತು.

ಸಾಲಾರ್ ಜಂಗನ ಆಡಳಿತ ಸುಧಾರಣೆಗಳ ನಂತರ ಸುಬೇದಾರನೆಂಬ ಪದವೇ ಕೆಳಗಿಳಿಯಿತು. ಒಂದು ಕಾಲಕ್ಕೆ ಆರು ಸುಬಾಗಳ ಒಡೆಯನ ಪದವಿಯಾಗಿದ್ದದ್ದು ಕಲಬುರ್ಗಿ ವಿಭಾಗದ ಮುಖ್ಯಾಧಿಕಾರಿಯ ಹೆಸರಾಯಿತು. ಬೀದರ, ರಾಯಚೂರು ಸೀಮೆಯ ಹಿರಿಯರ ಬಾಯಲ್ಲಿ ಸುಬೇದಾರ ಸಾಹೇಬರೆಂದರೆ ಈ ಅಧಿಕಾರಿಯೇ. ಹೈದರಾಬಾದಿನ ದೊರೆಯೂ ಈ ಜಿಲ್ಲೆಗಳಿಗೆ ದೂರದವನೇ. ಅವನ ಆಡಳಿತಭಾಷೆ ಮೊದಲು ಪಾರಸಿ, ಆಮೇಲೆ ಉರ್ದು. ಕನ್ನಡಿಗನಿಗೆ ತನ್ನ ಹೊಲದ ಕಾಗದವನ್ನು ಓದಲು ಮತ್ತೊಬ್ಬನು ಬೇಕಾಗಿತ್ತು.

1925ರಲ್ಲಿ ಏಳನೆಯ ನಿಜಾಮ ಉಸ್ಮಾನ್ ಅಲಿ ಖಾನನು ವರ್ಹಾಡದ ಪ್ರಶ್ನೆಯನ್ನೆತ್ತಿ, ಆಂತರಿಕ ವಿಷಯಗಳಲ್ಲಿ ತಾನು ಬ್ರಿಟಿಷ್ ಸರ್ಕಾರದ ಸರಿಸಮಾನನೆಂಬ ಧಾಟಿಯಲ್ಲಿ ಬರೆದನು. 1926ರ ಮಾರ್ಚ್ 27ರಂದು ವೈಸರಾಯ್ ರೀಡಿಂಗನು ಉತ್ತರಿಸಿ, ಹಿಂದೂಸ್ಥಾನದಲ್ಲಿ ಬ್ರಿಟಿಷ್ ಸಿಂಹಾಸನದ ಸಾರ್ವಭೌಮತ್ವವೇ ಪರಮವೆಂದೂ, ಯಾವ ಸಂಸ್ಥಾನಿಕನೂ ಸಮಾನಸ್ಕಂಧನಾಗಿ ವಾದಿಸುವಂತಿಲ್ಲವೆಂದೂ ಖಂಡಿತವಾಗಿ ತಿಳಿಸಿದನು. ಒಬ್ಬ ಗೈರುಹಾಜರಿ ದೊರೆಯ ಪ್ರತಿನಿಧಿಯು ಮತ್ತೊಬ್ಬ ಗೈರುಹಾಜರಿ ದೊರೆಯ ಪ್ರತಿನಿಧಿಯ ವಂಶಜನಿಗೆ ಬರೆದ ಪತ್ರವಿದು. 1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯ ನಂತರ, 1950ರ ಜನವರಿ 26ರಿಂದ ಅದೇ ಉಸ್ಮಾನ್ ಅಲಿ ಖಾನನು ಹೈದರಾಬಾದು ರಾಜ್ಯದ ರಾಜಪ್ರಮುಖನಾದನು. ಆಳಿದವರು ಬೇರೆ, ಆಜ್ಞೆಗಳು ಹೊರಡುತ್ತಿದ್ದದ್ದು ಅವನ ಹೆಸರಿನಲ್ಲಿ. 1956ರ ನವೆಂಬರ್ 1ರಂದು ಬೀದರ, ಕಲಬುರ್ಗಿ, ರಾಯಚೂರುಗಳ ಕನ್ನಡ ಭಾಗಗಳು ಹೊಸ ಮೈಸೂರು ರಾಜ್ಯಕ್ಕೆ ಸೇರಿದಾಗ ಆ ಹೆಸರೂ ಕಾಗದಗಳಿಂದ ಹೋಯಿತು.